ಕಂಟ್ರೋಲ್ ರೂಮಿನ ಇಲಿಗಳು

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಕಾಲೇಜಿನ ಹಿಂಭಾಗದ ಒಂದು ಬಾಗಿಲಿಗೆ ನಾನೇ ಕೈಯಾರೆ ‘ಕಂಟ್ರೋಲ್ ರೂಂ’ ಎಂದು ಬರೆದು ಅಂಟಿಸಿದ್ದೆ. ಅದನ್ನು ನೀವು ನಿಮಗೆ ಬೇಕಾದಂತೆ ಓದಿಕೊಂಡಿರಿ. ಆ ಓದಿನಿಂದ ಹುಟ್ಟಿದ ಸುಳ್ಳಿಗೆ ಈಗ ನನ್ನ ಸಹಿ ಕೇಳುತ್ತಿದ್ದೀರಿ. ಹಾಕದಿದ್ದರೆ ನಿಮ್ಮ ಕಪಾಟಿನಲ್ಲಿರುವ ನನ್ನ ಮೂಲ ಅಂಕಪಟ್ಟಿಗಳು ಹೊರಗೆ ಬರುವುದಿಲ್ಲ. ಹಾಕಿದರೆ ಮುಂದೆಂದೂ ನಾನು ವಿಜ್ಞಾನದ ಹೆಸರೆತ್ತುವಂತಿಲ್ಲ. ಬಿಸಿ ತುಪ್ಪ ಗಂಟಲಲ್ಲಿ ನಿಂತಿದೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ನನ್ನ ಮನವಿಗಳಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ಈ ಸಲ ಊರವರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಊರವರಿಗೆ ಮೊದಲು ನನ್ನ ಪರಿಚಯ ಹೇಳಬೇಕು. ನಾನು ಮಾನ್ವಿಯವಳು. ದಿನಾ ಬಸ್ಸು ಹಿಡಿದು ರಾಯಚೂರಿಗೆ ಬಂದು ಔಷಧ ವಿಜ್ಞಾನದ ಹುಡುಗರಿಗೆ ಪಾಠ ಮಾಡುತ್ತೇನೆ, ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡುತ್ತೇನೆ. ಒತ್ತಡಕ್ಕೆ ಸಿಕ್ಕ ಇಲಿಯ ಎದೆಬಡಿತದ ಹಗಲುರಾತ್ರಿಯ ಲಯ ಏನಾಗುತ್ತದೆ ಎಂಬುದು ನನ್ನ ವಿಷಯ. ಇಲಿ ಹಗಲು ಮಲಗಿ ರಾತ್ರಿ ಓಡಾಡುವ ಪ್ರಾಣಿ. ಹಾಗಾಗಿ ಅದರ ಎದೆ ಹಗಲಲ್ಲಿ ನಿಧಾನ, ಕತ್ತಲಾದ ಮೇಲೆ ಜೋರು. ಹೊಟ್ಟೆಯೊಳಗೆ ಕೂರಿಸಿದ ಪುಟ್ಟ ಯಂತ್ರವೊಂದು ಈ ಬಡಿತವನ್ನು ಕಂಪ್ಯೂಟರಿಗೆ ಕಳಿಸುತ್ತದೆ, ತೆರೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ಒತ್ತಡ ಬಿದ್ದ ಇಲಿಯ ಎದೆ ಮಲಗುವ ಹೊತ್ತಿಗೂ ಇಳಿಯುವುದಿಲ್ಲ, ಗೆರೆ ಚಪ್ಪಟೆಯಾಗುತ್ತ ಹೋಗುತ್ತದೆ.

ಇದನ್ನು ಅಳೆಯಲು ಇಲಿಗಳನ್ನು ಎರಡು ಗುಂಪು ಮಾಡಿದ್ದೆ. ಒಂದು ಗುಂಪನ್ನು ಪಕ್ಕದ ಚಿಕ್ಕ ಕೋಣೆಯಲ್ಲಿಟ್ಟು, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಇಕ್ಕಟ್ಟಾದ ಕೊಳವೆಯಲ್ಲಿ ಕೂರಿಸುತ್ತೇನೆ. ಅದು ನನಗೂ ಸುಖದ ಕೆಲಸವಲ್ಲ. ಇನ್ನೊಂದು ಗುಂಪನ್ನು ಯಾರೂ ಮುಟ್ಟುವಂತಿಲ್ಲ, ಬೆದರಿಸುವಂತಿಲ್ಲ. ಹೊತ್ತಿಗೆ ಸರಿಯಾಗಿ ಬೆಳಕು, ಹೊತ್ತಿಗೆ ಸರಿಯಾಗಿ ಕತ್ತಲು, ಹೊಟ್ಟೆಗೆ ಆಹಾರ. ಕಷ್ಟದಲ್ಲಿರುವವರ ಕಷ್ಟ ಎಷ್ಟೆಂದು ತಿಳಿಯಲು ನೆಮ್ಮದಿಯಾಗಿರುವವರು ಬೇಕಲ್ಲ? ಆ ನೆಮ್ಮದಿಯ ಗುಂಪಿಗೆ ವಿಜ್ಞಾನದಲ್ಲಿ ‘ಕಂಟ್ರೋಲ್’ ಎಂದು ಹೆಸರು. ನಮ್ಮ ಕಡೆ ಕಂಟ್ರೋಲ್ ಎಂದರೆ ರೇಷನ್ ಅಂಗಡಿ. ಕಾವಲುಗಾರ ಮುದುಕಪ್ಪ ಬಾಗಿಲ ಮೇಲಿನ ಚೀಟಿ ನೋಡಿದ ದಿನವೇ, “ಏನ್ರಿ ಮೇಡಂ, ಇವಕ್ಕೂ ಕಾರ್ಡ್ ಮಾಡ್ಸೀರೇನು?” ಎಂದು ನಕ್ಕಿದ್ದ. ಅವನು ತಪ್ಪು ತಿಳಿದು ನಕ್ಕ. ನೀವು ತಪ್ಪು ತಿಳಿದು ಆದೇಶ ಹೊರಡಿಸಿದಿರಿ.

ರಾಯಚೂರಿನಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ. ಕಡುಬೇಸಿಗೆಯ ಒಂದು ಮಧ್ಯಾಹ್ನ ನಿಮ್ಮ ಕೋಣೆಯ ಎ.ಸಿ. ಕೆಟ್ಟಿತ್ತು. ನೀವು ತಪಾಸಣೆಯ ನೆಪದಲ್ಲಿ ಹಿಂಭಾಗಕ್ಕೆ ಬಂದಿರಿ. ಇಲಿಗಳ ಕೋಣೆಯ ತಂಪು ಮುಖಕ್ಕೆ ಬಡಿದದ್ದೇ ನಿಮ್ಮ ಕಣ್ಣು ಅರಳಿತು. ಬಾಗಿಲ ಮೇಲಿನ ಚೀಟಿ ಓದಿದಿರಿ.

“ಏನ್ರಿ ಇದು! ಕಂಟ್ರೋಲ್ ರೂಮಿನ್ಯಾಗ ಇಲಿ ಸಾಕೀರೇನ್ರಿ?”

“ಸರ್, ಇದು ಆ ಕಂಟ್ರೋಲ್ ಅಲ್ಲರೀ. ಈ ಇಲಿಗಳನ್ನ ಯಾರೂ ಕಾಡಬಾರ್ದು ಅಂತ…”

“ಕಂಟ್ರೋಲ್ ಅಂದ್ರ ಕಂಟ್ರೋಲ್. ಅದರಾಗ ಆ ಕಂಟ್ರೋಲ್, ಈ ಕಂಟ್ರೋಲ್ ಅಂತ ಬ್ಯಾರೆ ಇರ್ತದೇನ್ರಿ?”

ಮರುದಿನವೇ ನಿಮ್ಮ ಆದೇಶ ಹೊರಟಿತು. ವಾರ ಕಳೆಯುವುದರೊಳಗೆ ಸಿಸಿಟಿವಿ ಪರದೆಗಳು ಬಂದವು. ಹಾಜರಿಯ ಹೆಬ್ಬೆಟ್ಟಿನ ಯಂತ್ರ ಬಂತು, ಕಾಲೇಜಿನ ಗಂಟೆಯೂ ಬಂತು. ಸಿಬ್ಬಂದಿಯ ಮೂಲ ದಾಖಲೆಗಳನ್ನು ‘ಸುರಕ್ಷಿತವಾಗಿ’ ಇಟ್ಟುಕೊಂಡಿರುವ ಕಬ್ಬಿಣದ ಕಪಾಟನ್ನೂ ಇಲಿಗಳ ಪಂಜರಕ್ಕೆ ಒತ್ತಿ ನಿಲ್ಲಿಸಲಾಯಿತು. ಕತ್ತಲಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲವೆಂದು ದೀಪವನ್ನು ಆರಿಸಲೇಬಾರದೆಂಬ ಸುತ್ತೋಲೆ ಬಂತು. ಪಕ್ಕದ ಚಿಕ್ಕ ಕೋಣೆಯಲ್ಲಿ ಜಾಗವಿಲ್ಲ, ಇಲಿಗಳನ್ನು ಬೇರೆ ಕಡೆ ಒಯ್ಯುತ್ತೇನೆಂದರೆ ಬೇರೆ ಎ.ಸಿ. ಇಲ್ಲ ಎಂದಿರಿ. ಈಗ ನಾನು ಇಲಿಯನ್ನು ನೋಡುತ್ತೇನೆ, ಮುದುಕಪ್ಪ ಪರದೆಯಲ್ಲಿ ನನ್ನನ್ನು ನೋಡುತ್ತಾನೆ, ನೀವು ಮೊಬೈಲಿನಲ್ಲಿ ಮುದುಕಪ್ಪನನ್ನು ನೋಡುತ್ತೀರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮಲ್ಲಿ ಬೆಕ್ಕು ಯಾರು, ಇಲಿ ಯಾರು ಎಂದು ಓದುಗರೇ ತೀರ್ಮಾನಿಸಲಿ.

ಮುದುಕಪ್ಪ ದೇವದುರ್ಗದ ಕಡೆಯವನು. ಇನ್ನೊಬ್ಬ ಕಾವಲುಗಾರನನ್ನು ನೀವು ಬಿಡಿಸಿದ ಮೇಲೆ ಹಗಲಿನ ಪಾಳಿ, ರಾತ್ರಿಯ ಪಾಳಿ ಎರಡೂ ಅವನದೇ ಆಗಿವೆ. ಮೊದಮೊದಲು ತಂಪು ಸಿಕ್ಕಿತೆಂದು ಅವನು ಖುಷಿಯಾಗಿದ್ದ. ಪ್ರೀತಿ ಉಕ್ಕಿ, ನನ್ನ ನೆಮ್ಮದಿಯ ಇಲಿಗಳಿಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿಸಿ ನನ್ನಿಂದ ಬೈಸಿಕೊಂಡ. ಈಗ ಕುರ್ಚಿಯಲ್ಲೇ ತೂಕಡಿಸುತ್ತಾನೆ, ಗಂಟೆ ಬಡಿದರೆ ಬೆಚ್ಚಿ ಏಳುತ್ತಾನೆ. ಅವನ ಜೊತೆಗೆ ಇಲಿಗಳೂ ಬೆಚ್ಚಿ ಏಳುತ್ತವೆ. ಮೊನ್ನೆ ತೆರೆಯ ಮೇಲಿನ ಗೆರೆ ನೋಡುತ್ತ ನನ್ನ ಪಕ್ಕ ನಿಂತವನು, “ಮೇಡಂ, ಒಮ್ಮಿ ನನ್ನ ಎದಿಗೂ ಈ ಮಷಿನ್ ಹಚ್ಚಿ ನೋಡ್ರಿ. ಕುಂತಲ್ಲೇ ಡವ ಡವ ಅನ್ನಾಕತ್ತದ” ಎಂದ. ನನಗೆ ನಗು ಬರಲಿಲ್ಲ.

ಇನ್ನು ಫಲಿತಾಂಶಕ್ಕೆ ಬರುತ್ತೇನೆ. ಕೊಳವೆಯಲ್ಲಿ ಕೂರುವ ಇಲಿಗಳಿಗೆ ಆ ಸ್ವಲ್ಪ ಹೊತ್ತಿನ ಸಂಕಟ ಮುಗಿದರೆ ಆಮೇಲೆ ಅವುಗಳ ಕೋಣೆಯಲ್ಲಿ ಕತ್ತಲುಂಟು, ಮೌನವುಂಟು. ಅವುಗಳ ಗೆರೆ ಇನ್ನೂ ಅಷ್ಟಿಷ್ಟು ಏರಿ ಇಳಿಯುತ್ತಿದೆ. ಕಂಟ್ರೋಲ್ ಇಲಿಗಳ ಗೆರೆ ಮಾತ್ರ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಅಂಕಿಗಳನ್ನಷ್ಟೇ ನೋಡಿದವರಿಗೆ, ಒತ್ತಡದಲ್ಲಿರುವ ಎದೆಯೇ ಆರಾಮದ ಎದೆಗಿಂತ ಚೆನ್ನಾಗಿದೆ ಎಂದು ಕಾಣುತ್ತದೆ. ಯಾಕೆ ಹೀಗಾಯಿತೆಂದು, ಆ ಕೋಣೆಯಲ್ಲಿ ನಡೆದದ್ದನ್ನೆಲ್ಲ ವಿವರಿಸಿ ವರದಿಯಲ್ಲಿ ಒಂದು ಪ್ಯಾರಾ ಬರೆದಿದ್ದೆ. ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂದು ನೀವು ಅದಷ್ಟನ್ನೇ ಹೊಡೆದು ಹಾಕಿದಿರಿ. ಹಾಕಿ ಸುಮ್ಮನಾದಿರಾ? ಸಿಬ್ಬಂದಿ ಸಭೆಯಲ್ಲಿ ಎದ್ದು ನಿಂತು, “ನಮ್ಮ ಕಾಲೇಜಿನ ಸಂಶೋಧನೆನೇ ಹೇಳ್ತದ, ಒತ್ತಡ ಇದ್ರ ಎದಿ ಗಟ್ಟಿ ಇರ್ತದ” ಎಂದು ಸಾರಿದಿರಿ. ಭಾನುವಾರದ ರಜೆ ಹೋಯಿತು. ಮುದುಕಪ್ಪನ ಎರಡು ಪಾಳಿ ಕಾಯಂ ಆಯಿತು. ಇಲಿಯ ಬೆನ್ನ ಮೇಲೆ ಇಷ್ಟು ದೊಡ್ಡ ಹೇರು ಹೇರಿದವರನ್ನು ನಾನು ಎಲ್ಲೂ ಕಂಡಿಲ್ಲ.

ಪ್ಯಾರಾ ಕಿತ್ತ ಆ ವರದಿಗೆ ಸಹಿ ಹಾಕಿಬಿಡು, ಯಾರು ಕೇಳುತ್ತಾರೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನೂ ಎರಡು ಸಲ ಪೆನ್ನು ತೆಗೆದಿದ್ದೆ, ಸುಳ್ಳು ಹೇಳಲಾರೆ. ಅಂಕಪಟ್ಟಿ ಇಲ್ಲದೆ ಬೇರೆ ಕೆಲಸಕ್ಕೆ ಅರ್ಜಿ ಹಾಕಲಾಗದು. ಈ ಕೆಲಸದಲ್ಲಿ ಉಳಿಯಬೇಕಾದರೆ ಈ ಸುಳ್ಳಿಗೆ ಹೆಸರು ಕೊಡಬೇಕು. ದಿನಾ ಹೆಬ್ಬೆಟ್ಟು ಒತ್ತಲು ಆ ಕೋಣೆಗೇ ಹೋಗಬೇಕು. ನನ್ನ ಹತ್ತು ಹದಿನೈದು ವರ್ಷಗಳ ಓದು ಆ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತದೆ, ಅದರ ಪಕ್ಕದಲ್ಲಿ ಇಲಿ ಕಂಬಿಗೆ ಮೂಗು ಹಚ್ಚಿ ಕೂತಿರುತ್ತದೆ. ನನಗೆ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಹೆದರಿಕೆ ಬರುತ್ತದೆ. ಮಾನ್ವಿಯ ಮನೆಯಲ್ಲಿ ನಾನು ತಿನ್ನದೆ ಅನ್ನ ಕಲಸುತ್ತ ಕೂತದ್ದನ್ನು ನೋಡಿ ನನ್ನ ಅಮ್ಮಿ ಶಹಜಾದಿ ಬೇಗಂ, “ದಿಲ್ ಕೂ ಜರಾ ಆರಾಮ್ ದೇ ಬೇಟಾ” ಎನ್ನುತ್ತಾಳೆ. ಎದೆಗೆ ಸ್ವಲ್ಪ ವಿಶ್ರಾಂತಿ ಕೊಡು ಮಗಳೇ ಎಂದು. ಅವಳು ನನ್ನ ಪ್ರಬಂಧ ಓದಿಲ್ಲ. ಓದುವ ಅಗತ್ಯವೂ ಅವಳಿಗಿಲ್ಲ.

ಆದ್ದರಿಂದ ಕೇಳಿಸಿಕೊಳ್ಳಿ. ಆ ವರದಿಗೆ ನಾನು ಸಹಿ ಹಾಕುವುದಿಲ್ಲ. ಹೊಡೆದು ಹಾಕಿದ ಪ್ಯಾರಾ ಮರಳಿ ಬರಬೇಕು, ನನ್ನ ಅಂಕಪಟ್ಟಿಗಳು ನನ್ನ ಕೈಗೆ ಬರಬೇಕು, ಮುದುಕಪ್ಪ ರಾತ್ರಿ ತನ್ನ ಮನೆಯಲ್ಲಿ ಮಲಗಬೇಕು. ಇಲಿಗಳಿಗೆ ಅವುಗಳ ಕತ್ತಲು ಸಿಗಬೇಕು.

ಇಷ್ಟೆಲ್ಲ ಆಗುವವರೆಗೆ ನನ್ನ ಸಂಶೋಧನೆ ನಿಲ್ಲಬಾರದಲ್ಲ? ಹೋಲಿಸಿ ನೋಡಲು, ಒತ್ತಡ ತಟ್ಟದ ಒಂದು ಎದೆ ನನಗೆ ತುರ್ತಾಗಿ ಬೇಕು. ಕಾಲೇಜನ್ನೆಲ್ಲ ಹುಡುಕಿದೆ. ಪಂಜರದಲ್ಲಿ ಸಿಗಲಿಲ್ಲ, ಪಾಠದ ಕೋಣೆಗಳಲ್ಲಿ ಸಿಗಲಿಲ್ಲ, ಕಾವಲಿನ ಕುರ್ಚಿಯಲ್ಲಂತೂ ಇಲ್ಲವೇ ಇಲ್ಲ. ನಿಮ್ಮ ಎ.ಸಿ. ರಿಪೇರಿಯಾಗಿದೆ ಎಂದು ಕೇಳಿದೆ. ಮಧ್ಯಾಹ್ನ ಊಟವಾದ ಮೇಲೆ ನಿಮ್ಮ ಬಾಗಿಲು ಮುಚ್ಚಿರುತ್ತದೆ, ಯಾರೂ ತಟ್ಟುವಂತಿಲ್ಲ. ಹೊತ್ತಿಗೆ ಬೆಳಕು, ಹೊತ್ತಿಗೆ ಕತ್ತಲು, ಹೊಟ್ಟೆಗೆ ಆಹಾರ ಎಲ್ಲವೂ ಉಂಟು. ಹಗಲು ರಾತ್ರಿ ಎದೆಗೆ ಕಟ್ಟಿಕೊಂಡು ಓಡಾಡುವ ಯಂತ್ರವೊಂದನ್ನು ತರುತ್ತೇನೆ, ದಯಮಾಡಿ ಅಂಗಿಯ ಗುಂಡಿ ಬಿಚ್ಚಿ. ನಿಮ್ಮ ಬಾಗಿಲಿಗೆ ಅಂಟಿಸಲು ಆ ಹಳೆಯ ಚೀಟಿಯನ್ನೂ ಕಿತ್ತು ತರುತ್ತೇನೆ. ಈ ಸಲ ಅದರ ಅರ್ಥದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಕ್ಕಿಲ್ಲ.

ಇಂತಿ,
ಹೆಸರಿನ ಅರ್ಥ ಸಂತೋಷವಾದರೂ ಸದ್ಯ ನಿಮ್ಮ ಕಂಟ್ರೋಲಿನಲ್ಲಿರುವ
ಮುಸರ್ರತ್, ಮಾನ್ವಿ