ಸೇತುವೆಯ ಕೆಳಗೆ ಎರಡು ಮುಳುಕು

ನವ್‌ಗೊರೋದ್,
ಹೊಳೆಯ ಮಂಜುಗಡ್ಡೆ ಒಡೆದ ಐದನೇ ದಿನ

ನನ್ನ ಕಂದ ಲ್ಯುಬಾವಳಿಗೆ ಅಮ್ಮ ತಲೆ ನೇವರಿಸಿ ಬರೆಯುವುದು,

ನಿನ್ನ ತೊಗಟೆ ಓಲೆ ತಲುಪಿತು. ಲಾದೊಗದ ಬೀಗರು ಪಾದ್ರಿಯ ಕೈಯಲ್ಲೇ ಕಿರೀಟ ಇಡಿಸಿ ಮದುವೆ ಮಾಡುತ್ತಾರಂತೆ. ಅದಕ್ಕೆ ನಿನಗೆ ದೀಕ್ಷಾಸ್ನಾನ ಆಗಿದೆಯೆಂದು ಹೆತ್ತವಳ ಮಾತು ಬೇಕಂತೆ, ಇಲ್ಲದಿದ್ದರೆ ಮದುವೆಯೇ ಇಲ್ಲವಂತೆ. ಹೌದು ಎಂದು ಒಂದೇ ಪದ ಗೀರಿ ಕಳಿಸೋಣವೆಂದು ಕುಳಿತೆ. ಕೈ ಓಡಲಿಲ್ಲ. ಆಗಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ ಮಗಳೇ!

ಆಗ ನಿನಗೆ ಆರು ವರ್ಷ. ರಾಜನ ಆಳುಗಳು ನಮ್ಮ ಗುಡುಗಿನ ದೇವರ ಮರದ ಮೂರ್ತಿಯನ್ನು ಎಳೆತಂದು ವೋಲ್ಖೊವ್ ಹೊಳೆಗೆ ನೂಕಿದರು. ಆಮೇಲೆ ದೀಕ್ಷಾಸ್ನಾನಕ್ಕೆಂದು ನಮ್ಮನ್ನೂ ನೂಕಿದರು. ಗಂಡಸರು ಸೇತುವೆಗಿಂತ ಮೇಲಿನ ಹರಿವಿನಲ್ಲಿ, ಹೆಂಗಸರು ಕೆಳಗಿನ ಹರಿವಿನಲ್ಲಿ. ನಿನ್ನ ಮೈ ಜ್ವರದಲ್ಲಿ ಸುಡುತ್ತಿತ್ತು. ಆ ಕೊರೆಯುವ ನೀರಿಗಿಳಿಸಿದ್ದರೆ ನೀನು ಉಳಿಯುತ್ತಿರಲಿಲ್ಲ. ಬಚ್ಚಲುಮನೆಯ ಹಲಗೆಯಡಿ ಬಚ್ಚಿಟ್ಟೆ. ಆದರೆ ಆಳುಗಳು ಮನೆಮನೆಗೂ ಬಂದು ಕೊರಳು ತಡವುತ್ತಿದ್ದರು, ಮುಳುಗಿದವರಿಗೆ ಕೊಡುವ ಶಿಲುಬೆ ಇಲ್ಲದವರನ್ನು ಜುಟ್ಟು ಹಿಡಿದು ಎಳೆದೊಯ್ಯುತ್ತಿದ್ದರು. ಅದಕ್ಕೇ ನಾನು ನನಗೊಮ್ಮೆ ಮುಳುಗಿದೆ. ಶಾಲು ಬದಲಿಸಿ, ನಿನ್ನನ್ನು ನೆನೆದು ಇನ್ನೊಮ್ಮೆ ಮುಳುಗಿದೆ. ಎರಡು ಶಿಲುಬೆ ತಂದೆ. ಯಾರು ಯಾರೆಂದು ಕೇಳುವವರೇ ಇರಲಿಲ್ಲ. ಪಾದ್ರಿ ನಲವತ್ತು ಹೆಂಗಸರಿಗೂ ಒಟ್ಟಿಗೆ ಮಾರ್ಫ ಎಂದು ಹೆಸರಿಟ್ಟು ಕೈತೊಳೆದುಕೊಂಡ.

ಈಗ ಹೇಳು, ಆ ಎರಡನೇ ಮುಳುಕು ಯಾರದ್ದು? ಪಕ್ಕದ ಮನೆ ಮಿಲುಷ್ಕಾಳನ್ನು ಕೇಳಿದೆ. "ಅಯ್ಯೋ ಹೋಗೇ, ಹೆತ್ತೋಳ ಮೈ ನೆಂದ್ರೆ ಮಗಳ ಮೈ ನೆಂದಂಗೇ ಅಲ್ವೇನೇ" ಅಂದಳು. ಧೈರ್ಯ ಸಾಲದೆ, ಬೇರೆ ಯಾರದೋ ಕಥೆ ಎಂಬಂತೆ ನಮ್ಮ ಬೀದಿಯ ಪಾದ್ರಿಯನ್ನೂ ಕೇಳಿದೆ. "ಒಬ್ರ ಬದಲು ಇನ್ನೊಬ್ರು ಉಂಡ್ರೆ ಹೊಟ್ಟೆ ತುಂಬುತ್ತೇನಮ್ಮಾ?" ಎಂದ. ನನಗೂ ರೇಗಿತು. "ನಿಮ್ಮ ದೇವರು ನಮ್ಮೆಲ್ಲರ ಬದಲು ಸತ್ತ ಅಂತೀರಲ್ಲ, ಅದು ಹೆಂಗೆ ಮತ್ತೆ?" ಎಂದೆ. ಗಡ್ಡ ಕೆರೆದುಕೊಂಡು, ನಾಳೆ ಬಾ ಎಂದ.

ಮೂರು ದಿನದಿಂದ ಹೊಳೆ ಬೇರೆ ಹಿಂದಕ್ಕೆ ಹರಿಯುತ್ತಿದೆ, ದೋಣಿಗಳು ನಿಮ್ಮ ಕಡೆ ಹೊರಟಿಲ್ಲ. ನೂಕಿಸಿಕೊಂಡ ದೇವರು ವಾಪಸು ಬರುತ್ತಿದ್ದಾನೆ ಎಂದು ಮಿಲುಷ್ಕಾ ಹೊಸ್ತಿಲಿಗೆ ಬೆಣ್ಣೆ ಸವರಿದ್ದಾಳೆ. ನಾನೂ ಒಂದಿಷ್ಟು ಸವರಿ, ಶಿಲುಬೆಗೂ ಮುತ್ತಿಟ್ಟೆ. ಇನ್ನೇನು ಮಾಡಲಿ?

ಬೀಗರಿಗೆ ತೋರಿಸಲು ಬೇರೆ ತುಂಡಿನಲ್ಲಿ "ಆಗಿದೆ" ಎಂದು ಗೀರಿ ಇದರ ಜೊತೆ ಇಟ್ಟಿದ್ದೇನೆ. ಇದನ್ನು ಓದಿ ಒಲೆಗೆ ಹಾಕು. ಹೊಟ್ಟೆ ತುಂಬ ಊಟ ಮಾಡು, ಸೊರಗಬೇಡ.

ನಿನ್ನ ಅಮ್ಮ,
ದೊಬ್ರೋಷ್ಕಾ

ತಾ.ಕ.: ಎರಡು ಸಲ ಎಂದು ಬರೆದದ್ದು ಸುಳ್ಳು. ಮುಳುಗಿದ್ದು ಒಂದೇ ಸಲ, ನಿನಗಾಗಿ. ಆ ಚಳಿಯಲ್ಲಿ ಮತ್ತೆ ಇಳಿಯಲು ಮೈ ಕೇಳಲಿಲ್ಲ. ನನ್ನ ಕೊರಳಿನ ಶಿಲುಬೆ ನಾನೇ ಮರದಲ್ಲಿ ಕೆತ್ತಿಕೊಂಡದ್ದು, ಆಳುಗಳು ತಡವಿ ಸುಮ್ಮನಾದರು. ಸ್ನಾನ ಆದವರೂ ಆಗದವರೂ ಸತ್ತ ಮೇಲೆ ಒಂದೇ ಕಡೆ ಸೇರುವುದಿಲ್ಲವಂತೆ. ಅದನ್ನು ಕೇಳಿದಾಗಿನಿಂದ ಸಂಕಟ. ಈಗಲಾದರೂ ನನಗಾಗಿ ಹೋಗಿ ಮುಳುಗೋಣವೆಂದರೆ, ಹಾಗಾದರೆ ಮೊದಲನೆಯದು ಯಾರದ್ದು ಎಂದು ಪಾದ್ರಿ ಕೇಳುತ್ತಾನೆ. ನಿನ್ನದೆಂದರೆ ಅವನು ಒಪ್ಪುವುದಿಲ್ಲ, ನನ್ನದೆಂದರೆ ನಿನಗೆ ಸ್ನಾನ ಇಲ್ಲವಾಗುತ್ತದೆ. ನಾನು ಹೋಗುವುದಿಲ್ಲ ಮಗಳೇ.