ಕಿಟಕಿಗಳುಳ್ಳ ವ್ಯಾನು ಮತ್ತು ಅದರೊಳಗಿನ ನಮ್ಮ ಅತ್ತೆ

ಮಾನ್ಯ ವಾಹನ ವರ್ಗೀಕರಣ ಅಧಿಕಾರಿಗಳೇ,

ನನ್ನ ವ್ಯಾನಿನಲ್ಲಿ ಇಬ್ಬರು ಕಾಲು ಚಾಚಿ ಮಲಗುವ ಹಾಸಿಗೆಯಿದೆ, ಎರಡು ಉರಿಯ ಒಲೆಯಿದೆ, ಪಾತ್ರೆ ತೊಳೆಯುವ ತೊಟ್ಟಿಯಿದೆ, ಬಟ್ಟೆಯ ಕಪಾಟಿದೆ, ಗುಂಡಿ ಒತ್ತಿದರೆ ಮೇಲೇಳುವ ಚಾವಣಿಯಿದೆ, ಮತ್ತು ಹೆಚ್ಚಿನ ದಿನಗಳಲ್ಲಿ ನಮ್ಮ ಅತ್ತೆಯವರೂ ಇರುತ್ತಾರೆ. ಇಷ್ಟೆಲ್ಲ ಇದ್ದೂ ಅದು ಕ್ಯಾಂಪರ್, ಅಂದರೆ ಪ್ರವಾಸದಲ್ಲಿ ಉಂಡು ಮಲಗುವ ಮನೆಗಾಡಿ, ಅಲ್ಲವೆಂದು ತಾವು ತೀರ್ಪು ಕೊಟ್ಟಿದ್ದೀರಿ. ಕಾರಣ, 'ಹೊರಗಿನಿಂದ ನೋಡಿದರೆ ಹಾಗೆ ಕಾಣುವುದಿಲ್ಲ.' ಹಾಗಾದರೆ ಅದೇನು ಎಂಬ ಪ್ರಶ್ನೆಗೂ ತಮ್ಮಲ್ಲಿ ಉತ್ತರವಿದೆ. ನೋಂದಣಿ ಪತ್ರದಲ್ಲಿ ತಾವು ಮುದ್ರಿಸಿ ಕಳುಹಿಸಿರುವಂತೆ ಅದು 'ಕಿಟಕಿಗಳುಳ್ಳ ವ್ಯಾನ್'. ಸ್ವಾಮಿ, ಈ ಲೆಕ್ಕದಲ್ಲಿ ತಮ್ಮ ಕಚೇರಿಯೂ ಕಿಟಕಿಗಳುಳ್ಳ ಡಬ್ಬಿಯೇ. ಒಳಗೆ ಆಡಳಿತ ನಡೆಯುತ್ತಿದೆ ಎಂದು ನಾವು ನಂಬಿಲ್ಲವೇ?

ಇದು ಬರೀ ಹೆಸರಿನ ಜಗಳವಾಗಿದ್ದರೆ ನಾನು ಚಹಾ ಕುಡಿದು ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಅತ್ತೆ ಮೊರ್ವೆನಾ ಅವರಿಗೆ ಮುಂದಿನ ತಿಂಗಳು ಎಂಬತ್ತು ತುಂಬುತ್ತದೆ. ಇಂಗ್ಲೆಂಡಿನ ತುದಿಯ ಈ ಕಾರ್ನ್‌ವಾಲ್‌ನಲ್ಲೇ ಹುಟ್ಟಿ ಬೆಳೆದವರು. ಯಾವ ದಿಕ್ಕಿಗೆ ಓಡಿದರೂ ಕೊನೆಗೆ ನೀರಿಗೇ ಬೀಳಬೇಕಾದ ಈ ನಾಡಿನಲ್ಲಿ, ಗುಡ್ಡದ ಆಚೆ ಮಗ್ಗುಲಿಗೆ ಮದುವೆಯಾಗಿ ಹೋದ ಒಂದೇ ತಪ್ಪಿಗೆ, ಬೆಳಗ್ಗೆ ಕಣ್ಣು ಬಿಟ್ಟು ಹಾಸಿಗೆಯಿಂದಲೇ ಸಮುದ್ರ ನೋಡುವ ಭಾಗ್ಯ ಅವರಿಗೆ ಒಮ್ಮೆಯೂ ಸಿಕ್ಕಿಲ್ಲ. ನಮ್ಮ ಮಾವನವರಿಗೆ ಮರಳು ಎಂದರೆ ಆಗುತ್ತಿರಲಿಲ್ಲ. ರಜೆ ಬಂತೆಂದರೆ ಹೆಂಡತಿಯನ್ನು ಹಳೆಯ ರೈಲು ಎಂಜಿನ್ ತೋರಿಸಲು ಒಳನಾಡಿಗೆ ಕರೆದೊಯ್ಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಈಜು ಕಲಿತರು, ತಮ್ಮಂಥ ಏಳು ಹೆಂಗಸರನ್ನು ಕಟ್ಟಿಕೊಂಡು 'ನೀಲಿ ಮೊಣಕಾಲು ಮಹಿಳಾ ಮಂಡಳಿ' ಸ್ಥಾಪಿಸಿದರು. ನಮ್ಮ ಪೊರ್ತ್‌ಮೆರಿನ್ ಕೊಲ್ಲಿಯ ನೀರಿನಲ್ಲಿ ಮೀನುಗಳೇ ನಡುಗುವ ತಿಂಗಳಲ್ಲೂ ಈ ಎಂಟು ಜನ ಹವಾಮಾನದ ಬಗ್ಗೆ ಮಾತಾಡುತ್ತ ತೇಲುತ್ತಿರುತ್ತಾರೆ. ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅತ್ತೆ ಕೇಳಿದ್ದು ಇಷ್ಟು: 'ಒಂದು ರಾತ್ರಿ ಕೊಲ್ಲಿ ಪಕ್ಕದಲ್ಲೇ ಮಲಗ್ಬೇಕು. ಬೆಳಗ್ಗೆ ಪರದೆ ಸರಿಸಿದ್ರೆ ಎದುರಿಗೆ ಸಮುದ್ರ ಇರ್ಬೇಕು. ಆಮೇಲೆ ನೀವು ಕೇಕ್ ಕೊಟ್ರೂ ಸರಿ, ಬಿಟ್ರೂ ಸರಿ.'

ಕೊಲ್ಲಿಯ ಪಕ್ಕದಲ್ಲಿ ರಾತ್ರಿ ತಂಗಲು ಪುರಸಭೆ ಜಾಗ ಮಾಡಿಕೊಟ್ಟಿದೆ, ನೋಂದಾಯಿತ ಕ್ಯಾಂಪರ್‌ಗಳಿಗೆ ಮಾತ್ರ. ಆದ್ದರಿಂದ ನಾವು ಕ್ಯಾಂಪರ್ ಕೊಂಡೆವು.

ಕೊಂಡದ್ದು ಜಪಾನಿನಲ್ಲಿ ಹುಟ್ಟಿ, ಅಲ್ಲಿ ಅರ್ಧ ಆಯಸ್ಸು ಕಳೆದು, ಹಡಗು ಹತ್ತಿ ಬಂದ ಹಳೆಯ ಗಾಡಿ. ಅವರೂ ನಮ್ಮಂತೆ ರಸ್ತೆಯ ಎಡಕ್ಕೇ ಓಡಿಸುವವರಾದ್ದರಿಂದ ಚಕ್ರದ ಹಿಂದೆ ಕೂರಲು ಕಷ್ಟವಿಲ್ಲ. ಕಷ್ಟವೆಲ್ಲ ಗುಂಡಿಗಳದ್ದು. ಪ್ರತಿಯೊಂದು ಗುಂಡಿಯ ಕೆಳಗೂ ಅದೇನು ಮಾಡುತ್ತದೆಂದು ಅತ್ಯಂತ ಸ್ಪಷ್ಟವಾಗಿ ಜಪಾನಿ ಭಾಷೆಯಲ್ಲಿ ಬರೆದಿದೆ. ಮೊದಲ ದಿನ ಪೆಟ್ರೋಲ್ ಬಂಕಿನಲ್ಲಿ, ಗಾಜಿನ ಮಂಜು ಒರೆಸೋಣವೆಂದು ನಾನೊಂದು ಗುಂಡಿ ಒತ್ತಿದೆ. ಒಳಗಿನ ಕಸೂತಿ ಪರದೆಗಳೆಲ್ಲ ಗುಂಯ್ ಎನ್ನುತ್ತ, ನಾಟಕದ ಕೊನೆಯ ಅಂಕ ಮುಗಿದಂತೆ, ಗಂಭೀರವಾಗಿ ಮುಚ್ಚಿಕೊಂಡವು. ಅದನ್ನು ಸರಿಪಡಿಸಲು ಇನ್ನೊಂದು ಒತ್ತಿದೆ. ಚಾವಣಿ ಏಳತೊಡಗಿತು. ಹಿಂದಿನ ಸಾಲಿನ ಕಾರಿನವರು ಚಪ್ಪಾಳೆ ತಟ್ಟಿದರು. ಗಾಬರಿಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯಹೋದರೆ, ಗುಂಡಿಗಳ ಹಿಂದೆ ಎಲ್ಲಿಂದಲೋ ಒಬ್ಬ ಹೆಣ್ಣುಮಗಳು ಜಪಾನಿಯಲ್ಲಿ ವಿನಯದಿಂದ ಏನನ್ನೋ ಬಿನ್ನವಿಸಿಕೊಂಡಳು. 'ಥ್ಯಾಂಕ್ಯೂ ಕಣಮ್ಮ' ಎಂದರು ಅತ್ತೆ. ಅಂದಿನಿಂದ ಗಾಡಿ ಹಿಂದಕ್ಕೆ ಹೋದಾಗಲೆಲ್ಲ ಆಕೆ ಮಾತಾಡುತ್ತಾಳೆ, ಅತ್ತೆ ಉತ್ತರಿಸುತ್ತಾರೆ. ಈ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ.

ಚಳಿಗಾಲವಿಡೀ ನಾನೂ ನನ್ನ ಹೆಂಡತಿ ಲವ್‌ಡೇಯೂ ಆ ಗಾಡಿಯ ಕೆಳಗೇ ಸಂಸಾರ ಮಾಡಿದೆವು. ತುಕ್ಕು ಹಿಡಿದ ಅಡಿಪಟ್ಟಿ ಕತ್ತರಿಸಿ ಹೊಸ ತಗಡು ಬೆಸೆಸಿದೆವು. ಬಿಸಿಯಾಗುವ ಚಾಳಿಯಿದ್ದ ಎಂಜಿನ್ನಿಗೆ ಹೊಸ ನೀರಿನ ಪೈಪು ಹಾಕಿ, ನೀರು ಇಳಿದರೆ ಕಿರುಚುವ ಗಂಟೆ ಕೂರಿಸಿದೆವು. ತಲೆಯ ಮೇಲೆ ಸೌರಫಲಕ, ಸೀಟಿನ ಕೆಳಗೆ ಹೊಸ ಬ್ಯಾಟರಿ, ಮೂಲೆಯಲ್ಲಿ ಪುಟ್ಟ ಫ್ರಿಜ್, ಗೋಡೆಗಳೊಳಗೆ ಕುರಿಯ ಉಣ್ಣೆ, ಹಾಸಿಗೆಯ ಪಕ್ಕದಲ್ಲಿ ಫೋನ್ ಚಾರ್ಜ್ ಮಾಡುವ ಕಿಂಡಿ. ಪರದೆಗಳನ್ನು ಬದಲಾಯಿಸಲು ಮಾತ್ರ ಅತ್ತೆ ಬಿಡಲಿಲ್ಲ. 'ಅಷ್ಟು ದೂರದಿಂದ ಮಡಿಕೆ ಕೆಡದ ಹಾಗೆ ಬಂದಿವೆ. ನಿನ್ನ ಅಂಗಿ ಅಡುಗೆಮನೆಯಿಂದ ಹಜಾರಕ್ಕೆ ಬರೋದ್ರೊಳಗೆ ಮುದುರಿರುತ್ತೆ.'

ಇಷ್ಟರ ಚಿತ್ರಗಳನ್ನೆಲ್ಲ ತಮಗೆ ಕಳುಹಿಸಿದೆವು. ತಾವು ಒಳಗಿನ ಚಿತ್ರಗಳನ್ನು ಗೌರವದಿಂದ ಪಕ್ಕಕ್ಕಿಟ್ಟು, ಹೊರಗಿನವನ್ನು ಪರಿಶೀಲಿಸಿ, ಎರಡು ಕೊರತೆ ಕಂಡುಹಿಡಿದಿರಿ. ಒಂದು, ಚಾವಣಿ ಶಾಶ್ವತವಾಗಿ ಎತ್ತರವಾಗಿಲ್ಲ, ಬೇಕಾದಾಗ ಮಾತ್ರ ಏಳುತ್ತದೆ, ಆದ್ದರಿಂದ ಲೆಕ್ಕಕ್ಕಿಲ್ಲ. ಇದನ್ನು ಓದಿ ಹೇಳಿದಾಗ ಕುರ್ಚಿಯಲ್ಲಿ ಕೂತು ಕೇಸರಿ ಬನ್ನು ತಿನ್ನುತ್ತಿದ್ದ ಅತ್ತೆ, 'ಹಂಗಾದ್ರೆ ನಾನು ಕೂತಿರೋವಾಗ ನನಗೆ ಕಾಲಿಲ್ಲ ಅಂತಾನಾ?' ಎಂದರು. ಎರಡು, ಗಾಡಿಯ ಪಕ್ಕೆಗಳ ಮೇಲೆ 'ಕ್ಯಾಂಪರ್ ಶೈಲಿಯ ಚಿತ್ತಾರ'ವಿಲ್ಲ.

ಈ ಶೈಲಿ ಯಾವುದೆಂದು ತಿಳಿಯಲು ನಾವು ಹೆದ್ದಾರಿಯ ಬದಿ ಕೂತು ಅಧ್ಯಯನ ಮಾಡಿದೆವು. ಹೊಸ ಕ್ಯಾಂಪರ್‌ಗಳ ಮೇಲೆಲ್ಲ ಬೂದು ಬಣ್ಣದ ಒಂದು ಬಳುಕು ಗೆರೆ ಇರುತ್ತದೆ. ಯಾರೋ ಗೋಡೆಗೆ ಸುಣ್ಣ ಹೊಡೆಯುವಾಗ ಸೀನಿದಂತೆ. ಮನುಷ್ಯನ ವಾಸಕ್ಕೆ ಯೋಗ್ಯತೆ ಕೊಡುವುದು ಹಾಸಿಗೆಯಲ್ಲ, ಒಲೆಯಲ್ಲ, ಈ ಸೀನು ಎಂಬುದು ನಮಗೆ ಅಂದು ತಿಳಿಯಿತು. ಆದರೆ ಅತ್ತೆ, 'ನನ್ನ ಹುಟ್ಟುಹಬ್ಬದ ಗಾಡಿ ಮೇಲೆ ಬೂದಿ ಬಣ್ಣ ಬೇಡ' ಎಂದು ಹಟ ಹಿಡಿದರು. ಮಹಿಳಾ ಮಂಡಳಿಯವರು ಕುಂಚ ಹಿಡಿದು ಬಂದರು. ಎರಡೂ ಪಕ್ಕೆಗಳ ಮೇಲೆ ಹಸಿರು ಅಲೆಗಳು, ಅಲೆಗಳ ಮಧ್ಯೆ ರಬ್ಬರ್ ಟೋಪಿ ತೊಟ್ಟ ಎಂಟು ಮುಖಗಳು, ಒಬ್ಬೊಬ್ಬರೂ ತಮ್ಮದನ್ನು ತಾವೇ ಬರೆದುಕೊಂಡದ್ದರಿಂದ ಎಲ್ಲರೂ ಮೂವತ್ತರ ಒಳಗಿನವರು. ಊರಿನವರೆಲ್ಲ ನೋಡಲು ಬಂದರು.

ತಮ್ಮ ಎರಡನೆಯ ಉತ್ತರ ಬಂತು: 'ಚಿತ್ತಾರವಿದೆ, ಆದರೆ ಕ್ಯಾಂಪರ್ ಶೈಲಿಯದ್ದಲ್ಲ.' ನಾನು ದೂರವಾಣಿ ಮಾಡಿದೆ. ಅರ್ಧ ಗಂಟೆ ಪಿಟೀಲು ಕೇಳಿಸಿದ ಮೇಲೆ ತಮ್ಮ ಕಚೇರಿಯ ಮಹನೀಯರೊಬ್ಬರು ಸಿಕ್ಕರು.

'ಈಜೋವ್ರ ಚಿತ್ರ ಕ್ಯಾಂಪಿಂಗ್ ಸೂಚಿಸಲ್ಲ ಸರ್' ಎಂದರು.

ಅತ್ತೆ ಫೋನು ಕಿತ್ತುಕೊಂಡರು. 'ನನ್ನ ರಾಜಾ, ನೀನು ರಜೆಗೆ ಎಲ್ಲಿಗಪ್ಪಾ ಹೋಗ್ತೀಯ?'

'ನಾನಾ? ಮನೇಲೇ ಇರ್ತೀನಿ ಮೇಡಂ.'

'ಅದೇ ಅಂದ್ಕೊಂಡೆ' ಎಂದು ಫೋನು ನನ್ನ ಕೈಗೆ ವಾಪಸ್ ಕೊಟ್ಟರು.

ಹೋಗಲಿ, ತಾವು ಹೇಳಿದ್ದೇ ಸರಿ, ನಮ್ಮದು ಕಿಟಕಿಗಳುಳ್ಳ ವ್ಯಾನೇ ಎಂದು ಶಿರಸಾ ವಹಿಸಿ, ಕಳೆದ ಶನಿವಾರ ಮಂಡಳಿಯವರನ್ನು ತುಂಬಿಕೊಂಡು ಬೆಳಗಿನ ಈಜಿಗೆ ಕೊಲ್ಲಿಗೆ ಹೊರಟೆವು. ಅಲ್ಲಿ ನಿಲುಗಡೆಗೆ ಎರಡು ಜಾಗ, ನಡುವೆ ಒಂದು ಮೋಟು ಗೋಡೆ. ಈ ಕಡೆ ಹಗಲು ಹೊತ್ತು ಕಾರು, ವ್ಯಾನುಗಳಿಗೆ. 'ಕ್ಯಾಂಪರ್‌ಗಳಿಗೆ ಪ್ರವೇಶವಿಲ್ಲ' ಎಂದು ಫಲಕ. ಆ ಕಡೆ ನೋಂದಾಯಿತ ಕ್ಯಾಂಪರ್‌ಗಳಿಗೆ. ನಾನು ಕಾನೂನಿನ ಮಗನಂತೆ ಈ ಕಡೆ, ಒಂದು ಮೀನಿನ ವ್ಯಾನಿನ ಪಕ್ಕ ನಿಲ್ಲಿಸಿದೆ. ಎಂಜಿನ್ ಆರಿಸಿರಲಿಲ್ಲ, ಪುರಸಭೆಯ ಕಾವಲುಗಾರ ಪಾಸ್ಕೋ ಅಷ್ಟು ದೂರದಿಂದಲೇ ಕೈ ಬೀಸುತ್ತ ಓಡಿ ಬಂದ.

'ಏ ಏ! ಕ್ಯಾಂಪರ್ ಇಲ್ಲಿ ನಿಲ್ಲಿಸ್ಬಾರ್ದು! ಆ ಕಡೆ ಹೋಗಿ, ಆ ಕಡೆ!'

ಮಾನ್ಯರೇ, ಆ ಕ್ಷಣದಲ್ಲಿ ನನಗಾದ ಆನಂದವನ್ನು ಏನೆಂದು ವರ್ಣಿಸಲಿ? ನಾನು ಕೆಳಗಿಳಿದು ಅವನ ಎರಡೂ ಕೈ ಹಿಡಿದುಕೊಂಡೆ. 'ಪಾಸ್ಕೋ, ಇದು ಕ್ಯಾಂಪರ್ ಅಂತ ನಿನಗೆ ಹೆಂಗೆ ಗೊತ್ತಾಯ್ತು?'

'ಹೆಂಗೆ ಅಂದ್ರೆ? ಕಣ್ಣಿಲ್ವಾ ನನಗೆ? ಹೊರಗಿಂದ ನೋಡಿದ್ರೇ ಕಾಣುತ್ತಲ್ಲ!'

'ಇನ್ನೊಂದ್ಸಲ ಹೇಳು.'

'ಡಿಗರಿ,' ಎಂದು ನನ್ನ ಹೆಸರು ಹಿಡಿದು ಕೇಳಿದ, 'ಬೆಳಗ್ಗೇನೇ ಹಾಕ್ಕೊಂಡಿದ್ದೀಯಾ?'

ಅವನ ಮಾತಿಗೆ ತಲೆಬಾಗಿ ಗೋಡೆಯ ಆ ಕಡೆಗೆ ಹೋದೆವು. ಗಾಡಿ ಹಿಂದಕ್ಕೆ ಚಲಿಸಿತು, ಜಪಾನಿನ ಹೆಣ್ಣುಮಗಳು ಬಿನ್ನವಿಸಿಕೊಂಡಳು, ಎಂಟೂ ಜನ ಒಟ್ಟಿಗೆ 'ಥ್ಯಾಂಕ್ಯೂ ಕಣಮ್ಮ' ಎಂದರು. ಅದೇ ಪಾಸ್ಕೋ ಗೋಡೆ ದಾಟಿ ಬಂದು ನೋಂದಣಿ ಪತ್ರ ಕೇಳಿದ, ಓದಿದ, ಮುಖ ಇಳಿಬಿಟ್ಟ. 'ಇದರಲ್ಲಿ ವ್ಯಾನ್ ಅಂತಿದೆ. ವ್ಯಾನ್ ಇಲ್ಲಿ ನಿಲ್ಲಿಸ್ಬಾರ್ದು. ಆ ಕಡೆ ಹೋಗಿ.'

'ಆ ಕಡೆಯಿಂದ ಓಡಿಸಿದ್ದು ನೀನೇ ಅಲ್ವೇನಯ್ಯಾ?' ಎಂದರು ಅತ್ತೆ.

'ಹೌದು ಮೊರ್ವೆನಾ ಅಕ್ಕ. ಆ ಕಡೆ ನಾನು ಗಾಡಿ ನೋಡ್ಬೇಕು, ಈ ಕಡೆ ಕಾಗದ ನೋಡ್ಬೇಕು. ನನ್ನ ಕೆಲಸ ಇರೋದೇ ಹಂಗೆ.' ಪಾಪ, ಅವನಿಗೇ ನಾಚಿಕೆಯಾಗಿತ್ತು.

ಕೊನೆಗೆ ಮಂಡಳಿಯವರನ್ನು ದಾರಿಯಲ್ಲೇ ಇಳಿಸಿ, ಅವರು ಈಜಿ ಮುಗಿಸುವವರೆಗೂ ನಾನು ಕೊಲ್ಲಿಯ ಬಳಿಯ ರಸ್ತೆ ವೃತ್ತವನ್ನು ಸುತ್ತುತ್ತಲೇ ಇದ್ದೆ. ನಿಲ್ಲಲು ಈ ಭೂಮಿಯ ಮೇಲೆ ಜಾಗವಿಲ್ಲದ ಗಾಡಿಯೊಳಗೆ ಒಲೆಯ ಮೇಲೆ ಕೆಟಲ್ ಕುಲುಕಾಡುತ್ತಿತ್ತು. ಪ್ರತಿ ಸುತ್ತಿಗೂ ಪಾಸ್ಕೋ ಟೋಪಿ ಎತ್ತಿ ವಂದಿಸಿದ. ಎಂಟು ಜನ ಒದ್ದೆ ಹೆಂಗಸರು ಗೋಡೆಯ ಮೇಲೆ ಸಾಲಾಗಿ ಕೂತು, ನಾನು ಹಾದುಹೋದಾಗಲೆಲ್ಲ ಕೇಕೆ ಹಾಕಿದರು. ಅತ್ತೆಯವರಂತೂ ನಕ್ಕು ನಕ್ಕು ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ಆದ್ದರಿಂದ ನನ್ನ ಬೇಡಿಕೆ. 'ಹೊರಗಿನಿಂದ ನೋಡಿದರೆ' ಎಂಬುದೇ ತಮ್ಮ ನಿಯಮವಾದರೆ, ಇಡೀ ಪೊರ್ತ್‌ಮೆರಿನ್‌ನಲ್ಲಿ ಗಾಡಿಗಳನ್ನು ಹೊರಗಿನಿಂದ ನೋಡುವುದಕ್ಕೇ ಸಂಬಳ ಪಡೆಯುವ ಏಕೈಕ ವ್ಯಕ್ತಿ ನಮ್ಮದನ್ನು ಕಂಡು, ಕ್ಯಾಂಪರ್ ಎಂದು ಕೂಗಿ, ಓಡಿಸಿದ್ದಾನೆ. ಅವನ ಸಾಕ್ಷ್ಯವನ್ನು ಅಂಗೀಕರಿಸಿ. ಅವನು ಬಂದು ಹೇಳಲು ಸಿದ್ಧ, ಊಟಕ್ಕೆ ಮಾಂಸ ಆಲೂಗಡ್ಡೆ ತುಂಬಿದ ಒಂದು ಬಿಸಿ ಪ್ಯಾಸ್ಟಿ ಕೊಡಿಸಿದರೆ ಸಾಕಂತೆ. ಅದೂ ಸಾಲದಿದ್ದರೆ ತಾವೇ ದಯಮಾಡಿಸಿ. ಬೇಕಿದ್ದರೆ ಕಣ್ಣು ಮುಚ್ಚಿಕೊಂಡೇ ಒಳಗೆ ಬನ್ನಿ, ಉಣ್ಣೆಯ ಗೋಡೆಗೆ ಒರಗಿ ಒಂದು ಲೋಟ ಚಹಾ ಕುಡಿಯಿರಿ, ತಾವು ಕೂತಿರುವುದು ಎಲ್ಲಿ ಎಂದು ಆಮೇಲೆ ಬರೆಯಿರಿ.

ಅತ್ತೆ ಈಗ ನಮ್ಮ ಮನೆಯ ಮುಂದೆಯೇ, ಆ ಗಾಡಿಯಲ್ಲೇ ಮಲಗಿ ಅಭ್ಯಾಸ ಮಾಡುತ್ತಿದ್ದಾರೆ. ದಿನಾ ಬೆಳಗ್ಗೆ ಗುಂಡಿ ಒತ್ತುತ್ತಾರೆ. ಪರದೆಗಳು ಗುಂಯ್ ಎಂದು ಗಂಭೀರವಾಗಿ ಸರಿಯುತ್ತವೆ. ಎದುರಿಗೆ ಪಕ್ಕದ ಮನೆಯವರ ಕಸದ ತೊಟ್ಟಿಗಳು. 'ಇವತ್ತೂ ಬಂದಿಲ್ಲ ನೋಡು ಸಮುದ್ರ' ಎಂದು ಕೂಗಿ ಹೇಳಿ, ನಕ್ಕು, ಚಹಾಕ್ಕೆ ನೀರಿಡುತ್ತಾರೆ. ಮುಂದಿನ ತಿಂಗಳ ಒಂದು ಬೆಳಗ್ಗೆಯೂ ಅವರು ಆ ಗುಂಡಿ ಒತ್ತುವವರೇ. ಆಚೆ ಏನಿರಬೇಕು ಎಂಬುದನ್ನು ತಾವು ಅಲ್ಲಿ ಕೂತು ಒಂದೇ ಒಂದು ಪದ ಬದಲಾಯಿಸಿ ನಿರ್ಧರಿಸಬಹುದು.

ಇಂತಿ,
ಒಳಗೆ ಬಂದು ನೋಡಿದರೆ ಮಾತ್ರ ತಮ್ಮ ವಿಧೇಯನಂತೆ ಕಾಣುವ,
ಡಿಗರಿ ಪೆನ್‌ಹಾಲೋ
ಕಿಟಕಿಗಳುಳ್ಳ ಅಳಿಯ, ಪೊರ್ತ್‌ಮೆರಿನ್