ಪಾರವ್ವನ ಹುಟ್ಟುಹಬ್ಬದ ಗೋಧಿ ಹುಗ್ಗಿ

ಬಿ.ಟಿ.ಎಂ. ಲೇಔಟ್, ಎರಡನೇ ಹಂತ,
ಬೆಂಗಳೂರು
ಜೂನ್ ೧೨, ಶುಕ್ರವಾರ

ಪ್ರೀತಿಯ ಪಾರವ್ವಗೆ,

ಸಮಸ್ತ ಬಂಧುಬಾಂಧವರಿಗೂ, ವಿಶೇಷವಾಗಿ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಹುಟ್ಟುಹಬ್ಬವು ನಿನ್ನೆ ಮಧ್ಯಾಹ್ನ ಅರೆಕೆರೆಯಲ್ಲಿ ಗಣ್ಯರ ಸಮ್ಮುಖದಲ್ಲಿ ಅದ್ದೂರಿಯಾಗಿ ನೆರವೇರಿತು. ನೀನು ಹಾಜರಿರಲಿಲ್ಲ ಎಂಬುದೊಂದೇ ಕೊರತೆ. ಜೋಳ ಕೊಯ್ಯುವಾಗ ನೀನು ಹುಟ್ಟಿದೆ ಎಂದು ನಿಮ್ಮವ್ವ ಹೇಳುತ್ತಿದ್ದಳು, ಜೂನಿನಲ್ಲಿ ಯಾವ ಊರಲ್ಲಿ ಜೋಳ ಕೊಯ್ಯುತ್ತಾರೆ ಎಂದು ನೀನು ಈಗಾಗಲೇ ಹಲ್ಲು ಕಡಿಯುತ್ತಿರುವೆ. ಸ್ವಲ್ಪ ತಾಳು, ಎಲ್ಲವನ್ನೂ ವಿವರಿಸುತ್ತೇನೆ.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಬಾಣಂತಿಗೆ ಎಣ್ಣೆ ತಿಕ್ಕುವ ಉಮೇದಿನಲ್ಲಿ ನಿನ್ನ ಕಾಲಿಗೆ ಹಚ್ಚುವ ಎಣ್ಣೆಯನ್ನು ಮರೆಯಬೇಡ. ಕೂಸು ರಾತ್ರಿ ಮಲಗುತ್ತದೆಯೇ? ನಿನ್ನ ತಂಗಿಯ ಮಗಳ ಬಾಣಂತನಕ್ಕೆಂದು ನೀನು ರಾಣೆಬೆನ್ನೂರು ಸೇರಿ ತಿಂಗಳಾಯಿತು. ಫೋನ್ ಇರುವಾಗ ಪತ್ರವೇಕೆ ಎಂದು ಕೇಳಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಡುತ್ತೀ, ನನ್ನ ಮಾತನ್ನು ನಿಮ್ಮ ಇಡೀ ಓಣಿ ಕೇಳುತ್ತದೆ. ಇದು ಓಣಿ ಕೇಳುವಂಥ ವಿಷಯವಲ್ಲ. ನಿನ್ನ ಗಂಡ ನೀಲಕಂಠಪ್ಪನಿಗೆ ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಶುರುವಾಗಿದೆ.

ಅಸಲಿಗೆ ಇದು ಹಳೆಯ ಕಾಯಿಲೆ. ನಮ್ಮ ಮೊಮ್ಮಗಳು ಲಿಖಿತಾ ಹುಟ್ಟಿ ಎಂಟು ವರ್ಷವಾಯಿತು. ಅವಳ ಕೈಕಾಲು ಹೇಳಿದ ಮಾತನ್ನು ನಿಧಾನವಾಗಿ ಕೇಳುತ್ತವೆ, ಅದಕ್ಕೆ ಡಾಕ್ಟರು ಸೆರೆಬ್ರಲ್ ಪಾಲ್ಸಿ ಎಂದು ಹೆಸರಿಟ್ಟರು. ನೀನು ಮಾತ್ರ ಯಾವ ಹೆಸರಿಗೂ ಕಿವಿಗೊಡದೆ ಮೂರು ಹೊತ್ತೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಇಟ್ಟೆ. ನಿನ್ನ ಕೈ ಮೂರು ಮಾರು ದೂರ ಇರುವಾಗಲೇ ಆ ಬಾಯಿ ತೆರೆಯುತ್ತಿತ್ತು. ನಾನು ಅದೇ ಅನ್ನ, ಅದೇ ಬಟ್ಟಲು, ಅದೇ ತುಪ್ಪ ಹಿಡಿದು ಹೋದರೆ ಬ್ಯಾಂಕಿನ ಲಾಕರಿನಂತೆ ಮುಚ್ಚಿಕೊಳ್ಳುತ್ತಿತ್ತು. 'ಗಂಡಸರ ಕೈ ಒರಟು ಬಿಡ್ರೀ' ಎಂದು ನೀನು ಸಮಾಧಾನ ಹೇಳುತ್ತಿದ್ದೆ. ನಾನೂ ಅದನ್ನೇ ನಂಬಿಕೊಂಡು ನೆಮ್ಮದಿಯಾಗಿದ್ದೆ. ಆ ನಂಬಿಕೆಯನ್ನು ಮುರಿದವರು ಜಯನಗರದ ಪರಮಶಿವಯ್ಯ.

ನೀನು ಹೋದ ಮೇಲೆ ಬೆಳಿಗ್ಗೆ ಸೊಸೆ ಅನ್ನಪೂರ್ಣ ತಿನ್ನಿಸಿ ಆಫೀಸಿಗೆ ಓಡುತ್ತಾಳೆ. ಲಿಖಿತಾಳನ್ನು ಆಟೋದಲ್ಲಿ ಅರೆಕೆರೆಯ ಶಾಲೆಗೆ ಕರೆದೊಯ್ದು ತರುವ ಕೆಲಸ ನನ್ನದು. ಅಲ್ಲಿನ ಪದ್ಧತಿ ನಿನಗೂ ಗೊತ್ತು. ಇಂಥ ಮಕ್ಕಳಿಗೆಂದೇ ಇರುವ ಧರ್ಮದ ಶಾಲೆ, ಬೇಸಿಗೆ ರಜೆಯಿಲ್ಲ, ಮಕ್ಕಳಿಂದ ಏನೂ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಊಟ ಯಾರದೋ ಹುಟ್ಟುಹಬ್ಬ, ಯಾರದೋ ತಂದೆಯ ಪುಣ್ಯತಿಥಿಯ ಹೆಸರಿನಲ್ಲಿ ಬರುತ್ತದೆ. ಊಟ ಹಾಕಿಸಿದವರ ಹೆಸರು ಬಾಗಿಲ ಹಲಗೆಯ ಮೇಲೆ ಏರುತ್ತದೆ. ಅವರು ಮನೆಮಂದಿಯೊಂದಿಗೆ ಬಂದು, ಪ್ರತಿ ಮಗುವಿನ ಬಾಯಿಗೂ ಒಂದೊಂದು ತುತ್ತು ಇಟ್ಟು, ಫೋಟೋ ತೆಗೆಸಿಕೊಂಡು, ಕಣ್ಣೊರೆಸಿಕೊಂಡು ಹೋಗುತ್ತಾರೆ. ಪರಮಶಿವಯ್ಯನವರು ಮೇ ತಿಂಗಳೊಂದರಲ್ಲೇ ತಮ್ಮ ಮದುವೆಯ ದಿನ, ಮೊಮ್ಮಗನ ನಾಮಕರಣ, ಹೊಸ ಕಾರು ಎಂದು ಮೂರು ಸಲ ಬಂದರು. ಒಂದು ದಿನ ನಾನು ಬೇಗ ಹೋಗಿ ಕಿಟಕಿಯಲ್ಲಿ ಇಣುಕಿದೆ. ಆ ಮನುಷ್ಯ ಮಂಡಿಯೂರಿ ಕುಳಿತು, ತುತ್ತನ್ನು ಗಾಳಿಯಲ್ಲಿ ಬಸ್ಸಿನಂತೆ ತಿರುಗಿಸುತ್ತಾ, 'ರೈಟ್ ರೈಟ್! ಅರೆಕೆರೆ ಗೇಟ್ ಬಂತು, ಡೋರ್ ತೆಗೀರಮ್ಮಾ!' ಎನ್ನುತ್ತಿದ್ದರು. ನಮ್ಮ ಲಿಖಿತಾ ಡೋರ್ ತೆಗೆದಳು ಕಣೇ. ಅಗಲವಾಗಿ ತೆಗೆದಳು. ಮೇಲೆ ಒಂದು ನಗು ಬೇರೆ.

ಗಂಡಸರ ಕೈಯಂತೆ, ಒರಟಂತೆ!

ಅಂದು ಸಂಜೆ ಬಾಗಿಲು ಹಾಕಿಕೊಂಡು ನಾನೂ ಬಸ್ಸು ಬಿಟ್ಟೆ. ಅರೆಕೆರೆ ಗೇಟ್ ಬಿಟ್ಟು ಹುಳಿಮಾವು, ಗೊಟ್ಟಿಗೆರೆಯವರೆಗೂ ಹೋಗಿ ಬಂದೆ. ಟಿಕೆಟ್ ಇಲ್ಲದೆ ಹತ್ತಿದವನನ್ನು ಚೆಕಿಂಗಿನವರು ನೋಡುವಂತೆ ಅವಳು ನನ್ನನ್ನು ನೋಡಿದಳು. ತುತ್ತು ಕೈಯಲ್ಲೇ ಆರಿತು. ಆಗ ನನಗೆ ಹೊಳೆದದ್ದಿಷ್ಟೇ: ಈ ಮಗು ಊಟ ಹಾಕಿಸುವವರಿಗೆ ಮಾತ್ರ ಬಾಯಿ ತೆರೆಯುತ್ತದೆ, ಆದ್ದರಿಂದ ನಾನೂ ಊಟ ಹಾಕಿಸಬೇಕು! ಮಗ ಕೈಲಾಸ್ ತಲೆ ಚಚ್ಚಿಕೊಂಡ. 'ಅಪ್ಪಾ, ಸ್ವಂತ ಮೊಮ್ಮಗಳಿಗೆ ಒಂದ್ ತುತ್ತು ತಿನ್ನಸಾಕ ಇಡೀ ಸಾಲಿಗೆ ಊಟ ಹಾಕಸ್ತಾರೇನು?' ಎಂದ. ಹೆತ್ತ ಮಗನಾದರೂ ಅವನಿಗೆ ಈ ಉರಿಯ ಅರಿವಿಲ್ಲ.

ಊಟಕ್ಕೊಂದು ಕಾರಣ ಬೇಕಲ್ಲ, ನಿನ್ನ ಹುಟ್ಟುಹಬ್ಬ ಎಂದೆ. ನಿನ್ನ ಆಧಾರಿನ ಪ್ರಕಾರ ಜೂನ್ ಒಂದು ಕೇಳಿದರೆ ಆ ದಿನ ಆಗಲೇ ಇನ್ನೂ ಮೂವರು ಹಿರಿಯರು ಹುಟ್ಟಿಬಿಟ್ಟಿದ್ದರು! ನಮ್ಮ ಕಾಲದ ಮೇಷ್ಟ್ರುಗಳು ಎಲ್ಲರನ್ನೂ ಒಂದೇ ದಿನ ಹುಟ್ಟಿಸಿದ್ದರ ಫಲ. ಖಾಲಿಯಿದ್ದದ್ದು ಹನ್ನೊಂದು, ಆದ್ದರಿಂದ ನೀನು ಹನ್ನೊಂದರಂದು ಹುಟ್ಟಿದೆ. ಶಾಲೆಯವರು ಫೋನ್ ಮಾಡಿ ಶುಭಾಶಯ ಹೇಳಿದರೆ ಜೋಳದ ಕಥೆ ತೆಗೆಯದೆ ಥ್ಯಾಂಕ್ಸ್ ಎಂದುಬಿಡು. ಊಟಕ್ಕೆ ಕೊಟ್ರಪ್ಪನ ಖಾನಾವಳಿಯಲ್ಲಿ ಗೋಧಿ ಹುಗ್ಗಿ ಮಾಡಿಸಿದೆ. ನೀನು ಮಾಡುವಂತೆಯೇ ಬೆಲ್ಲ ಮುಂದಾಗಿ, ಗಸಗಸೆ ಹಾಕಿ, ಗಟ್ಟಿಯಾಗಿ. ಬಿಳಿ ಪಂಚೆ ಉಟ್ಟೆ, ವಿಭೂತಿ ಹಚ್ಚಿದೆ, ಬಲಗೈಯ ಉಗುರು ಕತ್ತರಿಸಿಕೊಂಡೆ.

ಹೋಗಿ ನೋಡಿದರೆ ಪರಮಶಿವಯ್ಯನವರು ಅಲ್ಲೇ ನಿಂತಿದ್ದಾರೆ! ಕರೆಯದೆ ಬರುವ ಈ ಔದಾರ್ಯಕ್ಕೆ ಏನೆನ್ನೋಣ. ಆದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟ್ರ ಎದುರಿನ ಹುಡುಗನ ಹಾಗೆ. ಟೀಚರ್ ಜಯಶೀಲಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, 'ಸಾರ್, ಈ ವಾರದಿಂದ ಬಂದವರು ಬಡಿಸ್ಬಹುದು, ಆದ್ರೆ ಯಾರೂ ಬಾಯಿಗೆ ಇಡೋ ಹಾಗಿಲ್ಲ. ಮಕ್ಕಳು ತಾವೇ ತಿನ್ನೋದನ್ನ ಕಲೀತಿದ್ದಾರೆ' ಎಂದರು. ಪರಮಶಿವಯ್ಯನವರ ಕೈಗೂ ಬೀಗ ಬಿದ್ದಿದೆ ಎಂದು ತಿಳಿದಾಗ ನನಗಾದ ಆನಂದವನ್ನು ಬರೆದರೆ ಶಿವ ಮೆಚ್ಚಲಾರ. ಮರುಕ್ಷಣವೇ ನನ್ನ ಕೈ ನೆನಪಾಯಿತು. 'ಮೇಡಂ, ನಾ ಏನ್ ಹೊರಗಿನವನೇನ್ರಿ? ನನ್ನ ಮೊಮ್ಮಗಳ್ರೀ ಆಕಿ. ಒಂದ ತುತ್ತು' ಎಂದೆ. ಆಕೆ ಬೈಯಲಿಲ್ಲ. 'ತುತ್ತು ಇಡೋಕೆ ಬಿಡಲ್ಲ ಅಂತ ಕೆಲವರು ಊಟ ಹಾಕ್ಸೋದನ್ನೇ ನಿಲ್ಲಿಸ್ಬಿಟ್ರು ಸಾರ್. ನೀವೂ ಬೇಜಾರು ಮಾಡ್ಕೊಂಡ್ರೆ ನಾನೇನ್ ಮಾಡ್ಲಿ? ಆದ್ರೆ ತುತ್ತು ಇಡೋರು ಎಲ್ಲ ಹೋದ ಮೇಲೂ ಇವಳು ಊಟ ಮಾಡ್ಬೇಕಲ್ವಾ?' ಎಂದರು.

ಎಲ್ಲ ಹೋದ ಮೇಲೆ ಎಂದರೆ ಯಾರು ಹೋದ ಮೇಲೆ ಎಂದು ನಾನು ಕೇಳಲಿಲ್ಲ. ನನ್ನ ವಯಸ್ಸು ನನಗೆ ಗೊತ್ತು, ನಿನ್ನದು ಆ ಮೇಷ್ಟ್ರಿಗೆ ಗೊತ್ತು.

ಬಡಿಸಿಕೊಂಡು ಹೋದೆ. ಲಿಖಿತಾಳ ಎದುರು ಅಂಚು ಎತ್ತರವಿರುವ ತಟ್ಟೆ, ಹಿಡಿಗೆ ದಪ್ಪಗೆ ಬಟ್ಟೆ ಸುತ್ತಿದ ಚಮಚ. ನಾನು ಹುಗ್ಗಿ ಹಾಕಿ, ಬರಿಯ ಅಭ್ಯಾಸಬಲದಿಂದ, ದೇವರಾಣೆ ಬರಿಯ ಅಭ್ಯಾಸಬಲದಿಂದ, ಒಂದು ತುತ್ತು ಕೈಯಲ್ಲಿ ಹಿಡಿದೆ. ಆಗ ಅವಳು ನನ್ನ ಪಂಚೆ ನೋಡಿದಳು, ವಿಭೂತಿ ನೋಡಿದಳು, ಕೈ ನೋಡಿದಳು. ಬಾಯಿ ತೆರೆದಳು! ಬಸ್ಸಿಲ್ಲ, ರೈಟ್ ರೈಟ್ ಇಲ್ಲ, ಏನೂ ಇಲ್ಲ. ನಿನಗೆ ತೆರೆಯುತ್ತಿದ್ದಳಲ್ಲ, ಹಾಗೇ. ಎಂಟು ವರ್ಷ ಕಾದ ಬಾಗಿಲು ಪಾರವ್ವಾ, ತುತ್ತು ಕೈಯಲ್ಲಿದೆ, ಗೇಣು ದೂರ. ಮೇಡಂ ನೋಡುತ್ತಾ ನಿಂತಿದ್ದರು. ಒಂದು ಮಾತು ಗದರಿದ್ದರೆ ನಾನು ಹಟಕ್ಕೆ ಬಿದ್ದು ಇಟ್ಟೇಬಿಡುತ್ತಿದ್ದೆ.

ಆ ತುತ್ತನ್ನು ನಾನೇ ತಿಂದೆ.

ಸರಿಯಾಗಿ ಅದೇ ಹೊತ್ತಿಗೆ ಯಾರೋ ಫೋಟೋ ತೆಗೆದರು. ಮಕ್ಕಳ ಮುಂದೆ ಅನ್ನದಾನಿಯೇ ಗಬಗಬನೆ ಉಣ್ಣುತ್ತಿರುವ ಆ ಚಿತ್ರ ಈಗ ಶಾಲೆಯ ವಾಟ್ಸಾಪ್ ಗುಂಪಿನಲ್ಲಿದೆ, ಪರಮಶಿವಯ್ಯನವರು ಅದರ ಕೆಳಗೆ ಕೈಮುಗಿದಿದ್ದಾರೆ.

ಲಿಖಿತಾಗೆ ಸಿಟ್ಟು ಬಂತು. ನಿನ್ನ ಸಿಟ್ಟೇ, ಮೂಗಿನ ತುದಿ ಕೆಂಪಾಗುವಂಥದ್ದು. ಮುಖ ತಿರುಗಿಸಿ, ಚಮಚವನ್ನು ಮುಷ್ಟಿಯಲ್ಲಿ ಹಿಡಿದು ಹುಗ್ಗಿಗೆ ಚುಚ್ಚಿದಳು. ಒಂದು ಸಲ ಗಲ್ಲಕ್ಕೆ ಹೋಯಿತು, ಇನ್ನೊಂದು ಸಲ ಪಕ್ಕದ ಮಗುವಿನ ತೋಳಿಗೆ. ಆಮೇಲೆ ಕೈ ನಡುಗುತ್ತಾ, ವಾಲುತ್ತಾ, ನಾನು ನನ್ನ ಕೈಯನ್ನು ತೊಡೆಯ ಕೆಳಗೆ ಹಾಕಿ ಕುಳಿತಿರುವಾಗ, ಚಮಚ ಒಳಗೆ ಹೋಯಿತು. 'ನೋಡಿ ಸಾರ್, ಸಾಂಬಾರ್ ರೈಸ್ ಆದ್ರೆ ಬಾಯಿಗೆ ಹೋಗೋ ಮುಂಚೆ ಜಾರ್‌ಬಿಡುತ್ತೆ. ನಿಮ್ಮ ಹುಗ್ಗಿ ಅಂಟ್ಕೊಂಡು ಕೂತಿದೆ! ಇನ್ಮೇಲೆ ವಾರಕ್ಕೊಂದ್ಸಲ ಇದನ್ನೇ ಮಾಡ್ಸೋಣ' ಎಂದರು ಮೇಡಂ. ನಾನು ಹೂಂ ಎಂದೆ. ಲಿಖಿತಾ ಮತ್ತೆ ನನ್ನತ್ತ ನೋಡಲಿಲ್ಲ. ಪರಮಶಿವಯ್ಯನವರತ್ತಲೂ ನೋಡಲಿಲ್ಲ, ಅಷ್ಟು ಸಮಾಧಾನ. ತಟ್ಟೆ ಖಾಲಿಯಾಗುವವರೆಗೆ ಅವಳಿಗೆ ಜಗತ್ತಿನಲ್ಲಿ ಚಮಚವೊಂದೇ ಇತ್ತು. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ಚಮಚದ ಮೇಲೆ. ಮನುಷ್ಯರಾದರೆ ನಾಲ್ಕು ಮಾತು ಆಡಿಕೊಳ್ಳಬಹುದು, ಚಮಚದ ಮೇಲೆ ಯಾರ ಹತ್ತಿರ ಚಾಡಿ ಹೇಳಲಿ?

ಬಾಣಂತಿಗೂ ಕೂಸಿಗೂ ನನ್ನ ಆಶೀರ್ವಾದ, ನಿನ್ನ ತಂಗಿಗೆ ಶರಣು ತಿಳಿಸು. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ನಿಜವಾದ ಹುಟ್ಟುಹಬ್ಬ ಯಾವತ್ತೆಂದು ಶಿವನಿಗೇ ಗೊತ್ತು, ಅಲ್ಲಿಯವರೆಗೆ ಇದನ್ನೇ ನೂರು ವರ್ಷ ಆಚರಿಸೋಣ.

ನಿನ್ನ,
ನೀಲಕಂಠಪ್ಪ

ತಾ.ಕ.: ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಮುಗಿಸುತ್ತೇನೆ. ಮನೆಯಲ್ಲೂ ಯಾರೂ ತುತ್ತು ಇಡಬಾರದು, ಇಟ್ಟರೆ ಕಲಿತದ್ದೆಲ್ಲ ಹೋಗುತ್ತದೆ ಎಂದು ಮೇಡಂ ಹೇಳಿದ್ದಾರೆ. ಸೊಸೆ ಅತ್ತುಕೊಂಡು ಒಪ್ಪಿದ್ದಾಳೆ. ನಾನು ಒಪ್ಪಿದ್ದಕ್ಕೆ ಫೋಟೋ ಸಾಕ್ಷಿಯಿದೆ. ಉಳಿದವಳು ನೀನು. ನೀನೂ ಇಡಬೇಡ ಪಾರವ್ವಾ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಂಡರೂ ಸರಿ, ಅದೂ ಸ್ವಲ್ಪ ಇದೆ. ಮುಂದಿನ ವಾರ ಭಾನುವಾರ ನೀನು ಬಂದಿಳಿದಾಗ ಆ ಹುಡುಗಿ ಬಾಗಿಲಲ್ಲೇ ಬಾಯಿ ತೆರೆದು ಕೂತಿರುತ್ತಾಳೆ, ನಿನ್ನ ಕೈ ಸುಮ್ಮನಿರುವ ಕೈಯಲ್ಲ. ಅದಕ್ಕೇ ಒಂದು ಸಣ್ಣ ಉಪಕಾರ ಮಾಡು: ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡೇ ಮನೆಯೊಳಗೆ ಬಾ. ನಾನು ತೆಗೆದುಕೊಳ್ಳಲು ಬಂದರೂ ಕೊಡಬೇಡ.